ಮೊಡವೆಗೆ ಆತುರದ ಮದ್ದಿಲ್ಲ: ಕಾರಣ, ಆರೈಕೆ, ಚಿಕಿತ್ಸೆ

ಸೋಮವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಾಣಿಸಿದ ಮೊಡವೆಗೆ ಭಾನುವಾರ ಸಂಜೆ ತಿಂದ ಬಜ್ಜಿಯನ್ನು ದೂರುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಆದರೆ ಆ ಮೊಡವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ತಡೆಯಾಗಿ ಚರ್ಮದೊಳಗೆ ಹಲವು ವಾರಗಳ ಹಿಂದೆಯೇ ಮೊದಲಾಗಿರುತ್ತದೆ. ಅದು ಮೇಲಕ್ಕೆ ಬಂದು ಕಣ್ಣಿಗೆ ಬೀಳುವಷ್ಟರಲ್ಲಿ ಸುಮಾರು ಎರಡು ತಿಂಗಳು ಕಳೆದಿರುವುದೂ ಉಂಟು. ಮೊಡವೆಯ ಬಗ್ಗೆ ತಿಳಿಯಬೇಕಾದ ಎಲ್ಲ ಸಂಗತಿಗಳಲ್ಲಿ ನಾನು ಇದನ್ನೇ ಮೊದಲಿಗೆ ಇಡುತ್ತೇನೆ. ಏಕೆಂದರೆ ಮೊಡವೆಯಿಂದ ಮುಖ ಎಷ್ಟು ಕೆಡುತ್ತದೆಯೋ ಅದನ್ನು ನಾಲ್ಕೇ ದಿನದಲ್ಲಿ ಓಡಿಸಲು ಹೊರಡುವ ಆತುರದಿಂದಲೂ ಅಷ್ಟೇ ಕೆಡುತ್ತದೆ: ವಾರಕ್ಕೊಂದು ಕ್ರೀಮ್ ಬದಲಾಯಿಸುತ್ತೇವೆ, ಉಗುರಿನಿಂದ ಹಿಸುಕುತ್ತೇವೆ, ಯಾರೋ ಹೇಳಿದ ಟ್ಯೂಬನ್ನು ಮೆಡಿಕಲ್ ಶಾಪಿನಿಂದ ತಂದು ಮುಖಕ್ಕೆಲ್ಲ ಬಳಿದುಕೊಳ್ಳುತ್ತೇವೆ.

ಚರ್ಮದೊಳಗೆ ನಡೆಯುವುದು ಇಷ್ಟು. ಕೂದಲಿನ ಬುಡದ ಪ್ರತಿಯೊಂದು ರಂಧ್ರಕ್ಕೂ ಒಂದು ಎಣ್ಣೆಗ್ರಂಥಿ ಅಂಟಿಕೊಂಡಿರುತ್ತದೆ. ಮುಖ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಈ ಗ್ರಂಥಿಗಳು ದೊಡ್ಡವಾಗಿಯೂ ಒತ್ತೊತ್ತಾಗಿಯೂ ಇರುತ್ತವೆ. ಅಂಗೈ ಮತ್ತು ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ, ಹಾಗಾಗಿ ಅಲ್ಲಿ ಮೊಡವೆಯೂ ಏಳುವುದಿಲ್ಲ. ಹರೆಯಕ್ಕೆ ಕಾಲಿಡುತ್ತಿದ್ದಂತೆ ದೇಹದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವನ್ನು ಗಂಡು ಹಾರ್ಮೋನು ಎಂದು ಕರೆಯುವುದು ವಾಡಿಕೆಯಾದರೂ ಹೆಣ್ಣುಮಕ್ಕಳ ದೇಹದಲ್ಲಿಯೂ ಅವು ತಯಾರಾಗುತ್ತವೆ. ಅವುಗಳ ಪ್ರಚೋದನೆಯಿಂದ ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ. ಅದೇ ವೇಳೆಗೆ ರಂಧ್ರದ ಒಳಗೋಡೆಯಿಂದ ಉದುರುವ ಸತ್ತ ಜೀವಕೋಶಗಳು, ಎಣ್ಣೆಯೊಡನೆ ಹರಿದು ಹೊರಹೋಗುವ ಬದಲು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಬಾಯಿ ಮುಚ್ಚಿಬಿಡುತ್ತವೆ. ಬಿರಡೆಯ ಹಿಂದೆ ಎಣ್ಣೆ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಆ ಜಿಡ್ಡಿನಲ್ಲಿ, ಎಲ್ಲರ ಚರ್ಮದ ಮೇಲೂ ಸಹಜವಾಗಿಯೇ ವಾಸವಿರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಸಮೃದ್ಧವಾಗಿ ಬೆಳೆಯುತ್ತದೆ. ಅದಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ತೋರುವ ಪ್ರತಿಕ್ರಿಯೆಯೇ ನಮ್ಮ ಕಣ್ಣಿಗೆ ಕೆಂಪು, ಊತ, ನೋವು ಮತ್ತು ಕೀವಾಗಿ ಕಾಣುವುದು. ಈ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇರುವುದರಿಂದ ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಆಯುರ್ವೇದದಲ್ಲಿ ಇದಕ್ಕೆ ಮುಖದೂಷಿಕೆ ಎಂಬ ಹೆಸರಿದೆ, ಬೂರುಗದ ಮರದ ಮುಳ್ಳಿನಂತೆ ಯುವಕರ ಮುಖದಲ್ಲಿ ಏಳುವ ಗುಳ್ಳೆ ಎಂಬ ವರ್ಣನೆಯೂ ಇದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಆ ಹೋಲಿಕೆ ಎಷ್ಟು ಕರಾರುವಾಕ್ಕಾದದ್ದು ಎಂದು ತಿಳಿದೀತು.

ಮುಖದಲ್ಲಿ ಇರುವುದು ಯಾವ ಬಗೆಯ ಮೊಡವೆ ಎಂದು ಗುರುತಿಸದೆ ಮದ್ದು ಆರಿಸಿಕೊಳ್ಳಬಾರದು. ರಂಧ್ರದ ಬಾಯಿ ತೆರೆದಿದ್ದು ಬಿರಡೆ ಕಪ್ಪಗೆ ಕಂಡರೆ ಅದು ಬ್ಲ್ಯಾಕ್‌ಹೆಡ್. ಬಾಯಿ ಮುಚ್ಚಿ ಚರ್ಮದ ಬಣ್ಣದ ಸಣ್ಣ ಉಬ್ಬಾಗಿದ್ದರೆ ವೈಟ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ. ಅದು ಚರ್ಮದ ವರ್ಣದ್ರವ್ಯ ಮತ್ತು ಗಾಳಿಗೆ ತೆರೆದುಕೊಂಡು ಬಣ್ಣ ತಿರುಗಿದ ಜಿಡ್ಡು. ಆದ್ದರಿಂದ ನಾರಿನಿಂದಲೋ ಸ್ಕ್ರಬ್‌ನಿಂದಲೋ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಚರ್ಮ ಮಾತ್ರ ಕೆರಳುತ್ತದೆ. ಕೆಂಪಗೆ ಊದಿದ ಗುಳ್ಳೆಗಳು ಮತ್ತು ತುದಿಯಲ್ಲಿ ಕೀವು ತುಂಬಿದ ಗುಳ್ಳೆಗಳು ಇದರ ಮುಂದಿನ ಹಂತ. ಚರ್ಮದ ಆಳದಲ್ಲಿ ಗಡ್ಡೆಯಂತೆ ಕೈಗೆ ಸಿಗುವ, ಮುಟ್ಟಿದರೆ ನೋಯುವ, ವಾರಗಟ್ಟಲೆ ಉಳಿಯುವ ಮೊಡವೆಗಳು ಗುಳಿಬೀಳುವ ಕಲೆಯನ್ನು ಬಿಟ್ಟುಹೋಗುವ ಸಂಭವ ಹೆಚ್ಚು. ಈ ಕೊನೆಯ ಬಗೆ ಇದ್ದವರು ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರದೆ ನೇರವಾಗಿ ಚರ್ಮವೈದ್ಯರನ್ನು ಕಾಣುವುದು ಒಳ್ಳೆಯದು.

ಮೊಡವೆಯ ಹಾಗೆಯೇ ಕಂಡರೂ ಮೊಡವೆಯಲ್ಲದ ಒಂದು ತೊಂದರೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಸೆಕೆ ಮತ್ತು ಬೆವರು ಹೆಚ್ಚಿರುವ ಕಡೆ, ಅಂದರೆ ಮಂಗಳೂರು, ಉಡುಪಿ, ಕಾರವಾರದಂತಹ ಊರುಗಳಲ್ಲಿ, ಹಣೆ, ಎದೆ ಮತ್ತು ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ವಿಪರೀತ ತುರಿಸಿದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದಿಂದ ಬಂದದ್ದಿರಬಹುದು. ಅದಕ್ಕೆ ಮೊಡವೆಯ ಆಂಟಿಬಯಾಟಿಕ್ ಕೊಟ್ಟರೆ ಕಡಿಮೆಯಾಗುವ ಬದಲು ಜಾಸ್ತಿಯಾಗುವುದೂ ಉಂಟು. ಅದಕ್ಕೆ ಬೇಕಾದದ್ದು ಶಿಲೀಂಧ್ರನಾಶಕ. ಮೊಡವೆ ಸಾಮಾನ್ಯವಾಗಿ ಅಷ್ಟಾಗಿ ತುರಿಸುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಗುರುತಿಸುವುದು ಸುಲಭವಾಗುತ್ತದೆ.

ಹೆಚ್ಚಿಸುವ ಕಾರಣಗಳು

ಅಪ್ಪನಿಗೋ ಅಮ್ಮನಿಗೋ ಹರೆಯದಲ್ಲಿ ತೀವ್ರವಾದ ಮೊಡವೆ ಇದ್ದಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಇದನ್ನು ಯಾರೂ ಬದಲಾಯಿಸಲಾರರು. ಮುಟ್ಟಿಗೆ ಮುಂಚಿನ ವಾರದಲ್ಲಿ ಗುಳ್ಳೆಗಳು ಹೆಚ್ಚುವುದು ಅನೇಕ ಮಹಿಳೆಯರ ಅನುಭವ. ಆದರೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗಲ್ಲ ಮತ್ತು ಮೇಲ್ದುಟಿಯಲ್ಲಿ ದಪ್ಪ ಕೂದಲು ಬರುತ್ತಿದ್ದರೆ, ಜೊತೆಗೆ ದವಡೆಯ ಉದ್ದಕ್ಕೂ ಗಟ್ಟಿ ಮೊಡವೆಗಳು ಏಳುತ್ತಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ತೊಂದರೆ, ಇರಬಹುದೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಒಳಗಿನ ಕಾರಣವನ್ನು ಹಾಗೆಯೇ ಬಿಟ್ಟು ಮುಖಕ್ಕೆ ಮಾತ್ರ ಹಚ್ಚುತ್ತ ಹೋದರೆ ಫಲ ಅರೆಬರೆಯಾಗುತ್ತದೆ. ಕೆಲವು ಔಷಧಗಳೂ ಮೊಡವೆಯಂತಹ ಗುಳ್ಳೆಗಳನ್ನು ಎಬ್ಬಿಸುತ್ತವೆ: ಸ್ಟಿರಾಯ್ಡ್ ಮಾತ್ರೆ, ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ಕೊಟ್ಟ ವೈದ್ಯರಿಗೆ ವಿಷಯ ತಿಳಿಸಬೇಕು.

ನಮ್ಮ ಕಡೆಯ ಒಂದು ಕಾರಣಕ್ಕೆ ಮಾತ್ರ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಅದು ತಲೆಗೆ ಹಚ್ಚುವ ಎಣ್ಣೆ. ರಾತ್ರಿ ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದರೆ ಅದು ಹಣೆಗೆ ಇಳಿಯುತ್ತದೆ, ದಿಂಬಿನ ಚೀಲಕ್ಕೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಕೆನ್ನೆಗೆ ಬರುತ್ತದೆ. ಕೂದಲಿನ ಅಂಚಿನಲ್ಲಿ, ಹಣೆಯ ಮೇಲ್ಭಾಗದಲ್ಲಿ ಮತ್ತು ಕಪೋಲದ ಬದಿಯಲ್ಲಿ ರವೆಯಂತೆ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿದ್ದು ಮುಖದ ಉಳಿದ ಭಾಗ ಬಹುತೇಕ ಸ್ವಚ್ಛವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎಣ್ಣೆಯನ್ನೇ. ಎಣ್ಣೆ ಬಿಡಲು ಅಜ್ಜಿ ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಒಪ್ಪುವಂತಹ ದಾರಿಯೆಂದರೆ, ಸ್ನಾನಕ್ಕೆ ಒಂದು ಗಂಟೆ ಮುಂಚೆ ಎಣ್ಣೆಯನ್ನು ಕೂದಲಿನ ಅಂಚಿನಿಂದ ಎರಡು ಬೆರಳು ಒಳಗೆ ಹಚ್ಚಿ, ಸೀಗೆಕಾಯಿ ಅಥವಾ ಶಾಂಪೂ ಹಾಕಿ ಪೂರ್ತಿ ತೊಳೆದು, ಮುಖವನ್ನು ಎಲ್ಲಕ್ಕಿಂತ ಕೊನೆಯಲ್ಲಿ ತೊಳೆಯುವುದು. ದಿಂಬಿನ ಚೀಲವನ್ನು ವಾರಕ್ಕೆ ಒಂದೆರಡು ಬಾರಿಯಾದರೂ ಬದಲಾಯಿಸಬೇಕು. ಕೊಬ್ಬರಿ ಎಣ್ಣೆಯನ್ನು ಮೊಡವೆ ಇರುವ ಮುಖಕ್ಕೆ ನೇರವಾಗಿ ಹಚ್ಚುವುದಂತೂ ಬೇಡ.

ಒತ್ತಡ ಮತ್ತು ಉಜ್ಜಾಟದಿಂದಲೂ ಗುಳ್ಳೆಗಳೇಳುತ್ತವೆ. ದಿನವೂ ಎರಡು ಗಂಟೆ ದ್ವಿಚಕ್ರ ವಾಹನದಲ್ಲಿ ಓಡಾಡುವವರ ಗಲ್ಲದ ಕೆಳಗೆ, ಹೆಲ್ಮೆಟ್ಟಿನ ಪಟ್ಟಿ ತಾಗುವ ಜಾಗದಲ್ಲಿಯೇ ಅವು ಕಾಣುವುದು ಇದೇ ಕಾರಣದಿಂದ. ಹೆಲ್ಮೆಟ್ಟಿನ ಒಳಗಿನ ಮೆತ್ತೆ ಬಿಚ್ಚಿ ಬರುವಂತಿದ್ದರೆ ಆಗಾಗ ತೊಳೆದು ಒಣಗಿಸಿದರೆ ಸಾಕು. ಹೆಲ್ಮೆಟ್ ಬಿಡಲು ಇದನ್ನು ನೆಪ ಮಾಡಿಕೊಳ್ಳಬಾರದು.

ಆಹಾರದ ಮಾತು. ಮಾವಿನಹಣ್ಣು, ಮೊಟ್ಟೆ, ಕಡಲೆಕಾಯಿ ಇವೆಲ್ಲ ಉಷ್ಣ, ತಿಂದರೆ ಮೊಡವೆ ಏಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಉಷ್ಣವೆಂಬ ಲೆಕ್ಕದ ಮೇಲೆ ಇವನ್ನು ಬಿಡಬೇಕಾದ ಆಧಾರ ವೈದ್ಯವಿಜ್ಞಾನದಲ್ಲಿ ಇಲ್ಲ. ಆದರೆ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ಆಹಾರಕ್ಕೂ ಮೊಡವೆಗೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ. ಬೇಕರಿಯ ಬನ್ನು, ತಂಪು ಪಾನೀಯ, ಸಿಹಿತಿಂಡಿ, ತಟ್ಟೆತುಂಬ ಬಿಳಿ ಅನ್ನ ಈ ಸಾಲಿಗೆ ಸೇರುತ್ತವೆ. ಹಾಲಿಗೂ, ಅದರಲ್ಲೂ ಕೆನೆ ತೆಗೆದ ಹಾಲಿಗೂ, ಸ್ವಲ್ಪ ಮಟ್ಟಿನ ನಂಟು ಕಂಡುಬಂದಿದೆ. ಜಿಮ್ಮಿಗೆ ಹೋಗುವ ಹುಡುಗರು ಗಮನಿಸಬೇಕಾದದ್ದು ಹಾಲಿನಿಂದಲೇ ತಯಾರಾಗುವ ವೇ ಪ್ರೋಟೀನ್ ಪುಡಿಯನ್ನು: ಅದನ್ನು ಕುಡಿಯಲು ಆರಂಭಿಸಿದ ಮೇಲೆ ಎದೆ, ಬೆನ್ನು, ಮುಖದಲ್ಲಿ ಗುಳ್ಳೆಗಳು ಹೆಚ್ಚಿದ್ದರೆ ಎರಡು ಮೂರು ತಿಂಗಳು ನಿಲ್ಲಿಸಿ ನೋಡಬಹುದು. ಎಲ್ಲರಿಗೂ ಒಂದೇ ಪಥ್ಯವಿಲ್ಲ. ಬೆಳೆಯುವ ಮಕ್ಕಳ ಹಾಲು, ಮೊಟ್ಟೆ ನಿಲ್ಲಿಸಿ ಮೊಡವೆಗೆ ಮದ್ದು ಮಾಡಿದೆವೆಂದುಕೊಳ್ಳುವುದು ಸರಿಯಾದ ಕ್ರಮವಲ್ಲ.

ದಿನದ ಆರೈಕೆ

ಮುಖವನ್ನು ದಿನಕ್ಕೆ ಎರಡು ಬಾರಿ ಮೃದುವಾದ ಫೇಸ್‌ವಾಶ್ ಹಾಕಿ, ಬೆರಳ ತುದಿಯಿಂದಲೇ, ಉಗುರುಬೆಚ್ಚನೆಯ ಅಥವಾ ತಣ್ಣೀರಿನಲ್ಲಿ ತೊಳೆದರೆ ಸಾಕು; ಚೆನ್ನಾಗಿ ಬೆವರಿದ ದಿನ ಇನ್ನೊಮ್ಮೆ ತೊಳೆಯಬಹುದು. ಜಿಡ್ಡಿದೆ ಎಂದು ಐದಾರು ಬಾರಿ ಸೋಪು ಹಾಕಿದರೆ ಚರ್ಮ ಒಣಗಿ ಉರಿಯುತ್ತದೆ, ಆಮೇಲೆ ಯಾವ ಮದ್ದು ಹಚ್ಚಿದರೂ ತಾಳುವುದಿಲ್ಲ. ಎಣ್ಣೆಚರ್ಮಕ್ಕೆ ಮಾಯಿಶ್ಚರೈಸರ್ ಬೇಡವೆಂಬ ನಂಬಿಕೆಯೂ ತಪ್ಪು. ಮೊಡವೆಯ ಮದ್ದುಗಳು ಚರ್ಮವನ್ನು ಒಣಗಿಸುವುದರಿಂದ, ನಾನ್‌ಕಾಮೆಡೊಜೆನಿಕ್ ಎಂದು ನಮೂದಿಸಿರುವ, ಅಂದರೆ ರಂಧ್ರ ಮುಚ್ಚದಂತೆ ತಯಾರಿಸಿದ, ತೆಳುವಾದ ಮಾಯಿಶ್ಚರೈಸರ್ ಹಚ್ಚಲೇಬೇಕು. ಬೆಳಗಿನ ಹೊತ್ತು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದರ ಲಾಭ ಕಲೆಗಳ ವಿಷಯದಲ್ಲಿ ತಿಳಿಯುತ್ತದೆ.

ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಮತ್ತು ಸಣ್ಣ ಕೆಂಪು ಗುಳ್ಳೆಗಳಿಗೆ ಚರ್ಮವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವ ಮದ್ದುಗಳು ಎರಡು. ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮತ್ತು ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡು ಬಗ್ಗದಂತಾಗುವ ಭಯವಿಲ್ಲ. 2.5 ಶೇಕಡಾ ಜೆಲ್ ಮಾಡುವ ಕೆಲಸ ಹೆಚ್ಚುಕಡಿಮೆ 10 ಶೇಕಡಾ ಜೆಲ್ ಮಾಡುವಷ್ಟೇ, ಉರಿ ಮಾತ್ರ ಕಡಿಮೆ. ಆದ್ದರಿಂದ ಶೇಕಡಾವಾರು ಹೆಚ್ಚಿರುವುದನ್ನೇ ಹುಡುಕಿ ತರಬೇಕಿಲ್ಲ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ನಮ್ಮ ಮನೆಯ ನೀಲಿ ಟವಲ್ಲಿನ ಮೇಲೆ ಬೆರಳಚ್ಚಿನ ಹಾಗೆ ಬಿಳಿಚಿದ ಮಚ್ಚೆಗಳು ಮೂಡಿದಾಗ ಒಗೆಯುವ ಪುಡಿಯನ್ನು ತಿಂಗಳುಗಟ್ಟಲೆ ದೂರಿದ್ದೆವು, ತಪ್ಪಿತಸ್ಥ ಈ ಜೆಲ್ ಎಂದು ತಿಳಿದದ್ದು ಆಮೇಲೆ. ಇದನ್ನು ಹಚ್ಚುವವರು ಬಿಳಿ ಟವಲ್ಲು, ಬಿಳಿ ದಿಂಬಿನ ಚೀಲ ಇಟ್ಟುಕೊಳ್ಳುವುದು ಲೇಸು.

ಎರಡನೆಯದು ಅಡಾಪಲೀನ್ 0.1 ಶೇಕಡಾ ಜೆಲ್; ವಿಟಮಿನ್ ಎ ವರ್ಗದ ರೆಟಿನಾಯ್ಡ್ ಇದು. ರಂಧ್ರದಲ್ಲಿ ಬಿರಡೆ ಕಟ್ಟದಂತೆ ನೋಡಿಕೊಳ್ಳುವುದು ಇದರ ಕೆಲಸ, ಆದ್ದರಿಂದ ಎದ್ದಿರುವ ಗುಳ್ಳೆಯ ಮೇಲೆ ಮಾತ್ರ ಚುಕ್ಕೆಯಿಟ್ಟರೆ ಪ್ರಯೋಜನವಿಲ್ಲ, ಮೊಡವೆ ಏಳುವ ಇಡೀ ಭಾಗಕ್ಕೆ ಹಚ್ಚಬೇಕು. ರಾತ್ರಿ ಮುಖ ತೊಳೆದು, ತೇವ ಪೂರ್ತಿ ಆರಲು ಹತ್ತಿಪ್ಪತ್ತು ನಿಮಿಷ ಬಿಟ್ಟು, ಒಂದು ಬಟಾಣಿ ಕಾಳಿನಷ್ಟು ಜೆಲ್ಲನ್ನು ಬೆರಳಿಗೆ ತೆಗೆದುಕೊಳ್ಳಿ. ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಎಂದು ಐದು ಕಡೆ ಚುಕ್ಕೆಯಿಟ್ಟು ತೆಳುವಾಗಿ ಹರಡಿ. ಕಣ್ಣಿನ ಸುತ್ತ, ಮೂಗಿನ ಮೂಲೆ, ತುಟಿಯ ಅಂಚು ಬಿಡಿ. ಇಡೀ ಮುಖಕ್ಕೆ ಆ ಒಂದು ಕಾಳಿನಷ್ಟೇ ಸಾಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಚರ್ಮ ಒಗ್ಗಿದ ಮೇಲೆ ಪ್ರತಿರಾತ್ರಿ ಮಾಡಿಕೊಳ್ಳಬಹುದು. ಆರಂಭದಲ್ಲಿ ಸಿಪ್ಪೆ ಏಳುವುದು, ಕೊಂಚ ಕೆಂಪಾಗುವುದು, ಕೆಲವರಲ್ಲಿ ಮೊಡವೆ ಹೆಚ್ಚಿದಂತೆ ಕಾಣುವುದು ಸಾಮಾನ್ಯ. ಬಹಳ ಮಂದಿ ಟ್ಯೂಬನ್ನು ಎಸೆಯುವುದು ಈ ಮೂರನೆಯ ವಾರದಲ್ಲಿಯೇ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಯ್ಡ್ ಹಚ್ಚಬಾರದು; ಅವರಿಗೆ ಅಜೆಲಾಯಿಕ್ ಆಮ್ಲದಂತಹ ಬೇರೆ ಮದ್ದುಗಳಿವೆ, ವೈದ್ಯರನ್ನು ಕೇಳಿ ಬಳಸಬೇಕು.

ಕ್ಲಿಂಡಾಮೈಸಿನ್ ಜೆಲ್ ಆಂಟಿಬಯಾಟಿಕ್ ಮದ್ದು. ಅದನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ, ಆದ್ದರಿಂದ ಬೆಂಜಾಯ್ಲ್ ಪೆರಾಕ್ಸೈಡ್‌ನ ಜೊತೆಯಲ್ಲಿಯೇ ಬಳಸುವುದು ಕ್ರಮ. ನುಂಗುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳ ಆಚೆಗೆ ಮುಂದುವರಿಸುವುದಿಲ್ಲ. ಅದನ್ನು ದೊಡ್ಡ ಲೋಟ ನೀರಿನೊಡನೆ ನುಂಗಿ, ಕೂಡಲೇ ಮಲಗದೆ ಅರ್ಧ ಗಂಟೆಯಾದರೂ ಕುಳಿತಿರಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಬಿಸಿಲಿಗೆ ಚರ್ಮ ಬೇಗ ಸುಡುವುದು ಅದರ ಇನ್ನೊಂದು ಗುಣ.

ಮೆಡಿಕಲ್ ಶಾಪಿನ ಬಿಳಿ ಟ್ಯೂಬು

ನನ್ನ ಅಕ್ಕನ ಮಗಳು ಪಿಯುಸಿಯಲ್ಲಿದ್ದಾಗ ಮದುವೆಮನೆಯೊಂದರಲ್ಲಿ ಯಾರೋ ಹೇಳಿದರೆಂದು ಒಂದು ಟ್ಯೂಬ್ ತಂದು ಹಚ್ಚಲು ಆರಂಭಿಸಿದಳು. ಹತ್ತೇ ದಿನದಲ್ಲಿ ಮುಖ ತಿಳಿಯಾಯಿತು, ಕೆಂಪು ಇಳಿಯಿತು, ಬಣ್ಣವೂ ತೇಲಿಬಂದಂತೆ ಕಂಡಿತು, ಮನೆಯವರೆಲ್ಲ ಮೆಚ್ಚಿದರು. ಮೂರನೆಯ ತಿಂಗಳಿಗೆ ಬಿಸಿಲಿಗೆ ಹೋದರೆ ಕೆನ್ನೆ ಕೆಂಡದಂತಾಗುತ್ತಿತ್ತು, ಗಲ್ಲದ ತುಂಬ ಅಚ್ಚು ಹಾಕಿದಂತೆ ಒಂದೇ ಬಗೆಯ ಗುಳ್ಳೆಗಳೆದ್ದಿದ್ದವು, ಒಂದು ದಿನ ಹಚ್ಚದಿದ್ದರೆ ಮುಖವೆಲ್ಲ ಉರಿಯುತ್ತಿತ್ತು. "ಇದು ಬರೀ ಫೇರ್‌ನೆಸ್ ಕ್ರೀಮು, ಚಿಕ್ಕಮ್ಮ" ಎಂದು ಅವಳು ವಾದಿಸಿದಳು. ಟ್ಯೂಬನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಅವರಜ್ಜನ ಭೂತಗನ್ನಡಿ ತಂದು, ಮಡಿಕೆಯ ಹತ್ತಿರದ ಸಣ್ಣ ಅಕ್ಷರಗಳನ್ನು ಓದಿದಾಗ ಸಿಕ್ಕಿದ ಹೆಸರುಗಳು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್.

ಮೂರನೆಯದು ಸ್ಟಿರಾಯ್ಡ್. ಈ ಮೂರರ ಮಿಶ್ರಣ ಇರುವುದು ಬಂಗಿನಂತಹ ತೊಂದರೆಗೆ, ಅದೂ ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರಗಳ ಮಟ್ಟಿಗೆ. ಸ್ಟಿರಾಯ್ಡ್ ಉರಿಯೂತವನ್ನು ಅದುಮಿಡುವುದರಿಂದ ಮೊದಲ ದಿನಗಳಲ್ಲಿ ಮೊಡವೆ ಮಾಯವಾದಂತೆ ತೋರುತ್ತದೆ. ಬರಬರುತ್ತ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಮತ್ತು ಸ್ಟಿರಾಯ್ಡಿನಿಂದಲೇ ಹೊಸ ಮೊಡವೆ ಹುಟ್ಟುತ್ತದೆ. ಭಾರತದಲ್ಲಿ ಈ ದುರ್ಬಳಕೆ ಎಷ್ಟು ವ್ಯಾಪಕವೆಂದರೆ ಚರ್ಮವೈದ್ಯರ ರಾಷ್ಟ್ರೀಯ ಸಂಘಟನೆಯಾದ ಐಎಡಿವಿಎಲ್ ಇದರ ವಿರುದ್ಧ ಅಭಿಯಾನವನ್ನೇ ನಡೆಸಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿರ್ಬಂಧಿಸಿತು. ಹೀಗಿದ್ದರೂ ಚೀಟಿ ಕೇಳದೆ ಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ಆದ್ದರಿಂದ ಮುಖಕ್ಕೆ ಹಚ್ಚುವ ಯಾವುದೇ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲುವೋಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದಾದರೂ ಇದೆಯೇ ಎಂದು ಹುಡುಕಿ. ಇದ್ದರೆ, ಮತ್ತು ಅದನ್ನು ತಿಂಗಳುಗಳಿಂದ ಹಚ್ಚುತ್ತಿದ್ದರೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿಗೆ ಹೋಗಿ. ಬಿಡಿಸುವಾಗ ಉರಿ, ಕೆಂಪು ಮರುಕಳಿಸುವುದರಿಂದ ಅವರ ನೆರವು ಬೇಕಾಗುತ್ತದೆ. ನಮ್ಮ ಹುಡುಗಿಯ ಮುಖ ಮತ್ತೆ ಹದಕ್ಕೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಮನೆಮದ್ದುಗಳಲ್ಲಿ ಎಲ್ಲವೂ ಕೆಟ್ಟವಲ್ಲ. ಕಡಲೆಹಿಟ್ಟಿನಿಂದ ಮೆಲ್ಲಗೆ ಮುಖ ತೊಳೆಯುವುದರಿಂದ, ಲೋಳೆಸರದ ತಿರುಳು ಹಚ್ಚುವುದರಿಂದ ಹೆಚ್ಚಿನವರಿಗೆ ಹಾನಿಯಿಲ್ಲ, ದೊಡ್ಡ ಲಾಭವನ್ನೂ ನಿರೀಕ್ಷಿಸಬೇಕಿಲ್ಲ. ನಿಂಬೆರಸ, ಅಡುಗೆ ಸೋಡಾ ಮತ್ತು ಟೂತ್‌ಪೇಸ್ಟ್ ಮಾತ್ರ ಬೇಡವೇ ಬೇಡ. ಇವು ಚರ್ಮವನ್ನು ಸುಡುತ್ತವೆ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಬೊಕ್ಕೆಗಳೂ ಏಳಬಹುದು.

ಕಲೆ ಮತ್ತು ಗುಳಿ

ಮೊಡವೆ ಹೋದ ಜಾಗದಲ್ಲಿ ಉಳಿಯುವುದು ಎರಡು ಬಗೆ. ಚಪ್ಪಟೆಯಾದ ಕಂದು ಅಥವಾ ಕಪ್ಪು ಗುರುತು ಶಾಶ್ವತವಲ್ಲ. ನಮ್ಮಂತಹ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ ಅದು ಹೆಚ್ಚು ಗಾಢವಾಗಿ ಮೂಡುತ್ತದೆ, ಆದರೂ ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಬಿಸಿಲು ಬಿದ್ದಷ್ಟೂ ಅದು ಗಾಢವಾಗುವುದರಿಂದ ಸನ್‌ಸ್ಕ್ರೀನ್ ಇಲ್ಲದೆ ಕಲೆಯ ಕ್ರೀಮ್‌ಗಳಿಗೆ ಹಣ ಸುರಿಯುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಬೆರಳಿಗೆ ತಗ್ಗಾಗಿ ಸಿಗುವ ಗುಳಿ ಮಾತ್ರ ತಾನಾಗಿ ತುಂಬುವುದಿಲ್ಲ, ಯಾವ ಕ್ರೀಮಿನಿಂದಲೂ ಪೂರ್ತಿ ಹೋಗುವುದಿಲ್ಲ. ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಮೈಕ್ರೊನೀಡ್ಲಿಂಗ್, ಲೇಸರ್ ಮುಂತಾದ ಚಿಕಿತ್ಸೆಗಳು ಅದನ್ನು ಕಡಿಮೆ ಮಾಡಬಲ್ಲವು, ಅದೂ ಹೊಸ ಮೊಡವೆಗಳು ಹತೋಟಿಗೆ ಬಂದ ಮೇಲೆ. ಹಿಸುಕಬಾರದೆಂದು ಹೇಳುವುದು ಇದಕ್ಕೇ: ಹಿಸುಕಿದಾಗ ಕೀವಿನ ಅರ್ಧ ಹೊರಬಂದರೆ ಇನ್ನರ್ಧ ಒಳಗಿನ ಗೋಡೆ ಒಡೆದು ಆಳಕ್ಕಿಳಿಯುತ್ತದೆ.

ವೈದ್ಯರಲ್ಲಿಗೆ ಹೋಗಬೇಕಾದವರು ಯಾರೆಂದು ಈಗಾಗಲೇ ಅಲ್ಲಲ್ಲಿ ಹೇಳಿದ್ದೇನೆ. ಗಡ್ಡೆಯಂತಹ ಮೊಡವೆ, ಗುಳಿಬೀಳಲು ಆರಂಭ, ಮುಟ್ಟಿನ ಏರುಪೇರು ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು: ಮಗ ಅಥವಾ ಮಗಳು ಮೊಡವೆಯ ನಾಚಿಕೆಯಿಂದ ಕಾಲೇಜು ತಪ್ಪಿಸುತ್ತಿದ್ದರೆ, ಜನರ ನಡುವೆ ಬರಲು ಒಲ್ಲೆನೆನ್ನುತ್ತಿದ್ದರೆ, ಗುಳ್ಳೆಗಳು ನಾಲ್ಕೇ ಇದ್ದರೂ ಅದು ಚಿಕಿತ್ಸೆ ಕೊಡಿಸಲು ಸಾಕಾದ ಕಾರಣ. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿರುತ್ತದೆ. ತೀವ್ರ ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ಬಹಳ ಪರಿಣಾಮಕಾರಿ. ತುಟಿ ಒಣಗುವುದು ಅದರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಯಕೃತ್ತು ಮತ್ತು ಕೊಬ್ಬಿನಂಶಕ್ಕಾಗಿ ರಕ್ತಪರೀಕ್ಷೆ ಬೇಕಾಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಅದು ಗಂಭೀರ ಅಂಗವೈಕಲ್ಯ ಉಂಟುಮಾಡುವುದರಿಂದ, ಮಹಿಳೆಯರು ಮಾತ್ರೆ ಆರಂಭಿಸುವ ಒಂದು ತಿಂಗಳ ಮುಂಚಿನಿಂದ, ತೆಗೆದುಕೊಳ್ಳುವಷ್ಟು ಕಾಲ, ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ಗರ್ಭ ನಿಲ್ಲದಂತೆ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು. ಗೆಳತಿಗೆ ಬರೆದುಕೊಟ್ಟದ್ದನ್ನು ಹಂಚಿಕೊಂಡು ನುಂಗುವ ಮಾತ್ರೆ ಇದಲ್ಲ.

ಮದ್ದು ಆರಂಭಿಸುವ ದಿನ ಕಿಟಕಿಯ ಪಕ್ಕ ನಿಂತು, ಯಾವ ಫಿಲ್ಟರೂ ಇಲ್ಲದೆ, ಮುಖದ ಎದುರು ಮತ್ತು ಎರಡು ಬದಿಯ ಮೂರು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ನಿಧಾನವಾದ ಸುಧಾರಣೆ ತಿಳಿಯುವುದಿಲ್ಲ. ಅದೇ ಕಿಟಕಿಯಲ್ಲಿ, ಅದೇ ಹೊತ್ತಿನಲ್ಲಿ, ನಾಲ್ಕು ವಾರಕ್ಕೊಮ್ಮೆ ಹಾಗೆಯೇ ತೆಗೆಯುತ್ತ ಹೋಗಿ. ಹನ್ನೆರಡನೆಯ ವಾರದ ಚಿತ್ರಕ್ಕೂ ಮೊದಲನೆಯದಕ್ಕೂ ವ್ಯತ್ಯಾಸವೇ ಕಾಣದಿದ್ದರೆ, ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದವನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿಕೊಂಡು ಚಿತ್ರಗಳೊಡನೆ ವೈದ್ಯರ ಮುಂದಿಡಿ.